ಹೊತ್ತಿನ ಜಮಾಖರ್ಚು

ನಮ್ಮ ಪಾಠಶಾಲೆಯ ಮೊಗಸಾಲೆಯಲ್ಲಿ ತೂಗುಹಾಕಿದ್ದ ಕಂಚಿನ ಗಂಟೆಯನ್ನು ಮರೆತ ಹಳೆಯ ವಿದ್ಯಾರ್ಥಿನಿ ಒಬ್ಬಳಾದರೂ ಇರುವಳೆಂದು ನಾನು ನಂಬಲಾರೆ. ಮೊದಲ ಗಂಟೆಗೆ ಪ್ರಾರ್ಥನೆ, ಎರಡನೆಯದಕ್ಕೆ ಕನ್ನಡ, ತರುವಾಯ ಗಣಿತ, ಹೊಲಿಗೆ, ಊಟ, ಚರಿತ್ರೆ, ಆಟ. ಯಾವ ಹೊತ್ತಿಗೆ ಯಾವ ಕೆಲಸವೆಂಬುದನ್ನು ನಾವು ಯೋಚಿಸಬೇಕಾದ ಅಗತ್ಯವೇ ಇರಲಿಲ್ಲ. ನಮಗೋಸ್ಕರ ಬೇರೊಬ್ಬರು ಯೋಚಿಸಿ, ಕಾಗದದ ಮೇಲೆ ಗೆರೆ ಹಾಕಿ, ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿರುತ್ತಿದ್ದರು. ಗಣಿತದ ಪಾಠ ಬೇಗ ಮುಗಿಯಲೆಂದೂ ಆಟದ ಹೊತ್ತು ನಿಧಾನವಾಗಿ ಕಳೆಯಲೆಂದೂ ಹಾರೈಸುವುದಷ್ಟೇ ನಮ್ಮ ಪಾಲಿಗಿದ್ದ ಕೆಲಸ. ೧೯೭೭ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಆ ಬಾಗಿಲನ್ನು ದಾಟಿದ ದಿನದಿಂದ ನನಗೆ ಗಂಟೆ ಬಾರಿಸುವವರು ಇಲ್ಲವಾದರು. ಇಲ್ಲವಾದರೆನ್ನುವುದಕ್ಕಿಂತ, ಬಾರಿಸುವವರು ಹಲವರಾದರು ಎನ್ನುವುದೇ ದಿಟ: ಕಚೇರಿಯವರು, ಅತ್ತೆಮಾವಂದಿರು, ಮಕ್ಕಳು, ನಲ್ಲಿಯ ನೀರು, ಹಾಲಿನವನು, ಈಚೆಗೆ, ಸದಾ ಕೈಯಲ್ಲಿಯೇ ಇರುವ ಫೋನು.

ಸ್ಮರಣ ಸಂಚಿಕೆಯ ಸಂಪಾದಕ ಮಂಡಲಿಯವರು ಹಳೆಯ ವಿದ್ಯಾರ್ಥಿನಿಯರಿಗೂ ಮಾತಾಪಿತೃಗಳಿಗೂ ಪ್ರಯೋಜನಕ್ಕೆ ಬರತಕ್ಕ ವಿಷಯವೊಂದನ್ನು ಕುರಿತು ಬರೆಯಬೇಕೆಂದು ಅಪ್ಪಣೆ ಮಾಡಿದಾಗ ನನಗೆ ಈ ಗಂಟೆಯೇ ನೆನಪಾಯಿತು. ನಾವು ಮುಖ್ಯವೆಂದು ಎಣಿಸಿರುವ ವಿಷಯಗಳಿಗೂ ನಮ್ಮ ಹೊತ್ತು ನಿಜವಾಗಿ ಹೋಗುವ ದಾರಿಗೂ ಏನು ಸಂಬಂಧ? ಸಂಬಂಧವೇ ಇಲ್ಲವಾಗಿದ್ದರೆ ಅದನ್ನು ಉಂಟುಮಾಡುವುದು ಹೇಗೆ? ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಎತ್ತಿಕೊಂಡದ್ದಲ್ಲ. ನನಗೆ ಅರವತ್ತೊಂದು ವರ್ಷವಾಗಿದ್ದಾಗ ನನ್ನ ತಂದೆಯವರ ದೆಸೆಯಿಂದ ಅದು ನನ್ನೆದುರಿಗೆ ಬಂದು ನಿಂತಿತು.

ಮೊದಲು ಒಂದು ಸಾಮಾನ್ಯ ಸಂಗತಿಯನ್ನು ಹೇಳಬೇಕು. ನಮ್ಮ ಕಾಲದ ಗೆಳತಿಯರು ನಾಲ್ವರು ಸೇರಿದರೆ ಅಲ್ಲಿ ಹೆಚ್ಚಾಗಿ ಕೇಳಿಬರುವ ಮಾತು “ಹೊತ್ತೇ ಇಲ್ಲ” ಎಂಬುದು. ಒಂದು ಸಲ ನಾನು ಕುತೂಹಲದಿಂದ, “ಯಾವುದಕ್ಕೆ ಹೊತ್ತಿಲ್ಲ?” ಎಂದು ಒಬ್ಬೊಬ್ಬರನ್ನಾಗಿ ಕೇಳಿದೆ. ಒಬ್ಬಾಕೆಗೆ ವೀಣೆಗೆ ಹೊತ್ತಿಲ್ಲ. ಇನ್ನೊಬ್ಬಾಕೆಗೆ ಲಾಲ್‌ಬಾಗಿನಲ್ಲಿ ತಿರುಗಾಡಲು ಹೊತ್ತಿಲ್ಲ. ಮತ್ತೊಬ್ಬಾಕೆಗೆ ಹಾಸಿಗೆ ಹಿಡಿದ ಅಕ್ಕನನ್ನು ನೋಡಿಬರಲು ಹೊತ್ತಿಲ್ಲ. ಪಾತ್ರೆ ತೊಳೆಯಲು ಹೊತ್ತಿಲ್ಲವೆಂದು ಯಾರೂ ಹೇಳಲಿಲ್ಲ. ಯಾವುದು ತಮಗೆ ಅತ್ಯಂತ ಪ್ರಿಯವೋ ಅದಕ್ಕೇ ಹೊತ್ತಿಲ್ಲವೆನ್ನುವುದು ವಿಚಿತ್ರವಲ್ಲವೆ? ಯೋಚಿಸಿ ನೋಡಿದರೆ ವಿಚಿತ್ರವೇನೂ ಅಲ್ಲ. ಹಾಲು ಉಕ್ಕುತ್ತದೆ, ವೀಣೆ ಉಕ್ಕುವುದಿಲ್ಲ. ಕರೆಂಟಿನ ಬಿಲ್ಲಿಗೆ ಕಡೆಯ ದಿನವೆಂಬುದುಂಟು. ಅಕ್ಕನ ಮನೆಗೆ ಹೋಗುವುದಕ್ಕೆ ಅಂಥ ದಿನವನ್ನು ಯಾರೂ ಅಚ್ಚುಮಾಡಿ ಕಳುಹಿಸುವುದಿಲ್ಲ. ನಮಗೆ ಮುಖ್ಯವಾದ ಕೆಲಸಗಳು ಬಹುಮಟ್ಟಿಗೆ ಮರ್ಯಾದಸ್ಥ ನೆಂಟರಂತೆ ಮೂಲೆಯಲ್ಲಿ ಸುಮ್ಮನೆ ಕುಳಿತು ಕಾಯುತ್ತವೆ. ಕೂಗುವವುಗಳನ್ನು ಉಪಚರಿಸುವುದರಲ್ಲೇ ನಮ್ಮ ದಿನವು ತೀರಿಹೋಗುತ್ತದೆ.

ಇನ್ನು ನನ್ನ ವೃತ್ತಾಂತ. ನಾನು ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಕೆಲಸಮಾಡಿ ೨೦೨೧ರಲ್ಲಿ ನಿವೃತ್ತಳಾದೆ. ನಮ್ಮ ಮನೆ ಜಯಪ್ರಕಾಶ ನಗರದಲ್ಲಿ. ತಂದೆಯವರದು ಬನಶಂಕರಿ ಎರಡನೆಯ ಹಂತದಲ್ಲಿ. ತಾಯಿಯವರು ತೀರಿಕೊಂಡ ಮೇಲೆ ಅವರು ಒಬ್ಬರೇ, ಅಡುಗೆಯವರೊಬ್ಬರ ಸಹಾಯದಿಂದ, ಹಟಹಿಡಿದು ಅಲ್ಲಿಯೇ ಇದ್ದರು. ಎರಡು ಮನೆಗಳಿಗೂ ನಡುವಿನ ದೂರ ಮೂರು ಮೈಲಿಗಿಂತ ಕಡಿಮೆ. ೨೦೧೭ರ ಜೂನ್ ತಿಂಗಳಿಂದ ಮೆಟ್ರೋ ರೈಲು ಯಲಚೇನಹಳ್ಳಿಯ ವರೆಗೆ ಓಡಲು ಮೊದಲಾದ ಮೇಲೆ ನಮ್ಮ ನಿಲ್ದಾಣಕ್ಕೂ ಬನಶಂಕರಿಗೂ ನಡುವೆ ಮತ್ತೊಂದು ನಿಲ್ದಾಣ ಕೂಡ ಇಲ್ಲ; ಹತ್ತಿದರೆ ಇಳಿಯುವುದೇ ಕೆಲಸ. ತಂದೆಯವರಿಗೆ ಕಣ್ಣು ಮಂದವಾಗಿತ್ತು. ಅವರ ಹತ್ತಿರ ಒಂದು ತಗಡಿನ ಪೆಟ್ಟಿಗೆಯ ತುಂಬ ಹಳೆಯ ಕಾಗದಗಳಿದ್ದವು. ಅವನ್ನು ಓದಿಸಿ ಕೇಳಿ, ತಮ್ಮ ನೆನಪಿನಲ್ಲಿರುವುದನ್ನೂ ಸೇರಿಸಿ, ನಮ್ಮ ಮನೆತನದ ಸಂಗತಿಗಳನ್ನು ನನ್ನ ಕೈಯಿಂದ ಬರೆಯಿಸಬೇಕೆಂಬ ಆಸೆಯನ್ನು ಅವರು ಮೂರು ಸಲ ಹೇಳಿದ್ದರು. ಮೂರು ಸಲವೂ ನಾನು, “ಆಗಲಿ ಅಣ್ಣಾ, ಬಿಡುವಾದಾಗ ಕೂತು ಬರೆಯೋಣ” ಎಂದಿದ್ದೆ. (ನಮ್ಮಲ್ಲಿ ತಂದೆಯನ್ನು ಅಣ್ಣ ಎಂದೇ ಕರೆಯುವುದು ರೂಢಿ.) ನಿವೃತ್ತಿಯಾಗಿ ಒಂದು ವರ್ಷ ಕಳೆದರೂ ಆ ಬಿಡುವು ಬಂದಿರಲಿಲ್ಲ. ಕಚೇರಿಗೆ ಹೋಗುತ್ತಿದ್ದಾಗ ದಿನಕ್ಕೆ ಹತ್ತು ಗಂಟೆ ಅಲ್ಲಿಗೆ ಸಲ್ಲುತ್ತಿತ್ತಷ್ಟೆ. ಆ ಹತ್ತು ಗಂಟೆಗಳು ಎಲ್ಲಿಗೆ ಹೋದವೆಂಬುದೇ ನನಗೆ ಅರ್ಥವಾಗಲಿಲ್ಲ.

ಬ್ಯಾಂಕಿನವಳಿಗೆ ಲೆಕ್ಕ ತಾಳೆಯಾಗದಿದ್ದರೆ ನಿದ್ರೆ ಬಾರದು. ಗೃಹವಿಜ್ಞಾನದ ತರಗತಿಯಲ್ಲಿ ನಮ್ಮ ಉಪಾಧ್ಯಾಯಿನಿಯವರು ಹಾಲು, ತರಕಾರಿ, ಸೌದೆಗಳ ಖರ್ಚನ್ನು ಬರೆದಿಡುವ ಅಭ್ಯಾಸ ಮಾಡಿಸಿದ್ದುದನ್ನು ನೀವೆಲ್ಲರೂ ಬಲ್ಲಿರಿ. ಅದೇ ಕ್ರಮದಲ್ಲಿ ೨೦೨೨ರ ಜುಲೈ ತಿಂಗಳ ಒಂದು ವಾರ, ನಾನು ಹೊತ್ತಿನ ಲೆಕ್ಕವನ್ನು ಬರೆದೆ. ಕ್ರಮವನ್ನು ಕಲಿತದ್ದು ಕೇಂದ್ರ ಸರ್ಕಾರದವರಿಂದ. ರಾಷ್ಟ್ರೀಯ ಅಂಕಿಅಂಶ ಕಚೇರಿಯವರು ೨೦೧೯ರ ಜನವರಿಯಿಂದ ಡಿಸೆಂಬರಿನ ವರೆಗೆ, ದೇಶದ ಒಂದು ಲಕ್ಷ ಮೂವತ್ತೆಂಟು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಆರು ವರ್ಷ ಮೇಲ್ಪಟ್ಟವರು ದಿನವನ್ನು ಹೇಗೆ ಕಳೆಯುವರೆಂದು ವಿಚಾರಿಸಿದರು. ಅವರ ದಿನವು ನಡುರಾತ್ರಿಗೆ ಮೊದಲಾಗುವುದಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಆರಂಭವಾಗಿ ಮರುದಿನ ನಾಲ್ಕಕ್ಕೆ ಮುಗಿಯುತ್ತದೆ. ಇದನ್ನು ಗೊತ್ತುಮಾಡಿದವರು ಯಾರೋ ಹೆಂಗಸರ ದಿನಚರಿಯನ್ನು ಬಲ್ಲವರೇ ಇರಬೇಕು. ದಿನವನ್ನು ಅರ್ಧ ಅರ್ಧ ಗಂಟೆಯ ನಲವತ್ತೆಂಟು ಮನೆಗಳನ್ನಾಗಿ ಭಾಗಿಸಿ, ಒಂದೊಂದರಲ್ಲಿಯೂ ಏನು ಮಾಡಿದರೆಂದು ಬರೆದುಕೊಳ್ಳುತ್ತಾರೆ. ನಮ್ಮ ಹಿರಿಯರ ಗಳಿಗೆಯೂ ಇಪ್ಪತ್ತನಾಲ್ಕು ನಿಮಿಷದ್ದು. ಹೀಗಾಗಿ ಈ ಅರ್ಧ ಗಂಟೆಯ ಅಳತೆ ನಮಗೆ ತೀರ ಹೊಸದೇನೂ ಅಲ್ಲ.

ನಾನು ಒಂದು ನೋಟುಪುಸ್ತಕದಲ್ಲಿ ಹಾಗೆಯೇ ಗೆರೆ ಹಾಕಿಕೊಂಡೆ. ಆದರೆ ಸರ್ಕಾರದವರ ಪಟ್ಟಿಯಲ್ಲಿಲ್ಲದ ಅಂಕಣವೊಂದನ್ನು ನನ್ನದಾಗಿ ಸೇರಿಸಿದೆ. “ಏನು ಮಾಡಿದೆ” ಎಂಬುದರ ಪಕ್ಕದಲ್ಲಿ “ಗಂಟೆ ಬಾರಿಸಿದವರು ಯಾರು” ಎಂದು ಬರೆದುಕೊಂಡೆ. ಆ ಕೆಲಸಕ್ಕೆ ನಾನಾಗಿಯೇ ಎದ್ದೆನೊ, ಮನೆಯವರು ಕರೆದರೊ, ಒಲೆ ಕರೆಯಿತೊ, ಫೋನು ಕರೆಯಿತೊ ಎಂಬ ವಿವರ. ಲೆಕ್ಕವನ್ನು ಆಗಿಂದಾಗ್ಗೆ ಬರೆಯತಕ್ಕದ್ದು. ರಾತ್ರಿ ಮಲಗುವ ಮುನ್ನ ನೆನಪಿನಿಂದ ಬರೆದರೆ ನಮ್ಮ ಮನಸ್ಸು ನಮಗೇ ಮೋಸಮಾಡುತ್ತದೆ. ಮೊದಲ ದಿನ ನಾನು ಹಾಗೆ ಬರೆದು, ಒಂದು ಗಂಟೆ ಪುಸ್ತಕ ಓದಿದೆನೆಂದು ನಮೂದಿಸಿದ್ದೆ. ಎರಡನೆಯ ದಿನ ಗಡಿಯಾರವನ್ನು ಎದುರಿಗಿಟ್ಟುಕೊಂಡು ನೋಡಿದಾಗ ಆ “ಒಂದು ಗಂಟೆ” ಹನ್ನೆರಡು ನಿಮಿಷವೆಂದು ಗೊತ್ತಾಯಿತು.

ವಾರಕ್ಕೆ ನೂರ ಅರವತ್ತೆಂಟು ಗಂಟೆ. ಅದರಲ್ಲಿ ನಿದ್ರೆಗೆ ನಲವತ್ತೆಂಟು, ಅಡುಗೆ, ಪಾತ್ರೆ, ಬಟ್ಟೆ, ಮಾರುಕಟ್ಟೆ ಇವುಗಳಿಗೆ ನಲವತ್ತೊಂದು, ಫೋನಿಗೆ ಹದಿನಾರು, ಟೆಲಿವಿಷನ್ನಿಗೆ ಹತ್ತು, ರಸ್ತೆಯ ಮೇಲೆ ಒಂಬತ್ತು. ಸ್ನಾನ, ಊಟ, ಬಂದುಹೋಗುವವರು, ಬಡಾವಣೆಯ ಸಂಘದ ಕೆಲಸ ಮುಂತಾದುವು ಉಳಿದದ್ದರಲ್ಲಿ ಬಹುಭಾಗವನ್ನು ತಿಂದವು. ಏನು ಮಾಡಿದೆನೆಂದು ಎಷ್ಟು ಯೋಚಿಸಿದರೂ ಹೊಳೆಯದ ಅರ್ಧ ಗಂಟೆಗಳು ಹನ್ನೊಂದು. ಪ್ರಪಂಚದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದವರು ತಂದೆಯವರೆಂದು ಯಾರು ಕೇಳಿದರೂ ಹೇಳುತ್ತಿದ್ದೆನಷ್ಟೆ; ಅವರ ಹೆಸರಿನಲ್ಲಿ ಇದ್ದದ್ದು ಒಂದೂವರೆ ಗಂಟೆ. ಆ ಒಂದೂವರೆ ಗಂಟೆಯಲ್ಲಿಯೂ ಮುಕ್ಕಾಲು ಗಂಟೆ ಅವರ ಮಾತ್ರೆಗಳನ್ನು ಡಬ್ಬಿಗೆ ಹಾಕುವುದರಲ್ಲಿಯೂ, ಗ್ಯಾಸಿನವನಿಗೆ ಫೋನು ಮಾಡುವುದರಲ್ಲಿಯೂ ಹೋಗಿತ್ತು. ಎರಡನೆಯ ಅಂಕಣವು ಇನ್ನೂ ಕಹಿಯಾಗಿತ್ತು. ನಿದ್ರೆಯನ್ನು ಕಳೆದರೆ ಉಳಿಯುವ ಇನ್ನೂರ ನಲವತ್ತು ಅರ್ಧ ಗಂಟೆಗಳಲ್ಲಿ ನನ್ನ ಕೈಯಿಂದಲೇ ಗಂಟೆ ಬಾರಿಸಿಕೊಂಡವು ಹದಿನೇಳು ಮಾತ್ರ.

ಈ ಲೆಕ್ಕವನ್ನು ನೋಡಿ ಮೊದಲು ನನ್ನನ್ನೇ ಹಳಿದುಕೊಂಡೆ. ಎರಡು ದಿನ ಕಳೆದ ಮೇಲೆ, ತಪ್ಪು ನನ್ನೊಬ್ಬಳದೇ ಅಲ್ಲವೆಂದು ತೋರಿತು. ಆ ಸರ್ಕಾರಿ ವಿಚಾರಣೆಯ ಫಲವನ್ನು ಕೇಳಿರಿ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಸ್ತ್ರೀಯರು ೨೦೧೯ರಲ್ಲಿ ಅದಕ್ಕೆ ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನು ಕೊಡುತ್ತಿದ್ದರು, ಪುರುಷರು ೯೭. ಆ ಕೆಲಸದಲ್ಲಿ ಕೈಹಾಕಿದ ಪುರುಷರಾದರೂ ನೂರಕ್ಕೆ ಇಪ್ಪತ್ತಾರು ಮಂದಿ, ಸ್ತ್ರೀಯರು ಎಂಬತ್ತೊಂದು. ೨೦೨೪ರಲ್ಲಿ ಪುನಃ ಲೆಕ್ಕ ತೆಗೆದಾಗ ಸ್ತ್ರೀಯರದು ೨೮೯ಕ್ಕೆ ಇಳಿದಿತ್ತು. ಸಂತೋಷಪಡುವ ಮುನ್ನ ಇನ್ನೊಂದು ಅಂಕಿಯನ್ನು ನೋಡಬೇಕು: ಪುರುಷರದು ೮೮ಕ್ಕೆ ಇಳಿದಿತ್ತು. ಐದು ವರ್ಷಗಳಲ್ಲಿ ಇಬ್ಬರ ನಡುವಿನ ಅಂತರವು ೨೦೨ ನಿಮಿಷದಿಂದ ೨೦೧ಕ್ಕೆ ಬಂದಿತು. ಹೊಸ ಯಂತ್ರಗಳು ಎರಡು ಕಡೆಯೂ ಹೊರೆಯನ್ನು ಒಂದಿಷ್ಟು ಹಗುರ ಮಾಡಿರಬಹುದು. ಹೊರೆ ಹೊರುವ ಹೆಗಲನ್ನು ಬದಲಾಯಿಸಲಿಲ್ಲ. ಆದುದರಿಂದ ಹೊತ್ತನ್ನು ಕ್ರಮಪಡಿಸಿಕೊಳ್ಳಿರೆಂದು ಸ್ತ್ರೀಯರಿಗೆ ಬೋಧಿಸುವವರು, ಆ ಹೊತ್ತು ಯಾರ ವಶದಲ್ಲಿದೆ ಎಂಬುದನ್ನು ಮೊದಲು ವಿಚಾರಿಸಬೇಕು.

ಈ ವಿಷಯವನ್ನು ಕುರಿತ ಪುಸ್ತಕಗಳೇನೋ ಹೇರಳವಾಗಿವೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಆರ್ನಲ್ಡ್ ಬೆನೆಟ್ ಎಂಬ ಕಾದಂಬರಿಕಾರನು, ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬಾಳುವುದು ಹೇಗೆಂದು ಒಂದು ಚಿಕ್ಕ ಪುಸ್ತಕ ಬರೆದನು. ರೈಲಿನಲ್ಲಿ ಕಚೇರಿಗೆ ಹೋಗಿಬರುವ ಲಂಡನ್ನಿನ ಗುಮಾಸ್ತನೇ ಅದರ ಶಿಷ್ಯ. ಬುದ್ಧಿವಾದವೆಲ್ಲ ಒಳ್ಳೆಯದೇ. ಆದರೆ ಬೆಳಗ್ಗೆ ಒಂದು ಗಂಟೆ ಮುಂಚಿತವಾಗಿ ಎದ್ದರೆ ಚಹಾ ಕೊಡುವವರು ಯಾರೆಂಬ ಪ್ರಶ್ನೆ ಬಂದಾಗ, ರಾತ್ರಿಯೇ ಮನೆಯ ಆಳಿಗೆ ಹೇಳಿ ಎಲ್ಲವನ್ನೂ ತಟ್ಟೆಯಲ್ಲಿ ಅಣಿಮಾಡಿಸಿಟ್ಟುಕೊ ಎಂದು ಅವನು ದಾರಿ ತೋರಿಸುತ್ತಾನೆ. ಆ ಆಳು ಎಷ್ಟು ಗಂಟೆಗೆ ಮಲಗಿದಳೆಂಬುದು ಅವನ ಪುಸ್ತಕದ ವಿಷಯವಲ್ಲ. ನಮ್ಮ ನೆರೆಯ ಬಸವನಗುಡಿಯಲ್ಲಿಯೇ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇದ್ದರು. ೧೯೪೩ರಲ್ಲಿ ಬಿಡುವ ವರೆಗೆ ಮೈಸೂರು ಸರ್ಕಾರದ ಹೊಣೆಯ ಹುದ್ದೆಗಳಲ್ಲಿ ದುಡಿಯುತ್ತಲೇ ಕಥೆ ಕಾವ್ಯಗಳನ್ನು ರಚಿಸಿದರು; ಸಂಜೆ ಕ್ಲಬ್ಬಿಗೆ ನಡೆದುಹೋಗಿ ಇಸ್ಪೀಟು ಆಡುವುದನ್ನೂ ಮುಪ್ಪಿನ ವರೆಗೆ ತಪ್ಪಿಸಲಿಲ್ಲ. ಕೆಲಸಕ್ಕೂ ಬರವಣಿಗೆಗೂ ಆಟಕ್ಕೂ ಬೇರೆ ಬೇರೆ ಹೊತ್ತನ್ನು ಗೊತ್ತುಮಾಡಿಕೊಂಡು ನಡೆದ ಅವರ ರೀತಿ ಮೆಚ್ಚತಕ್ಕದ್ದು, ನನಗೆ ಮೆಚ್ಚಿಕೆಯಿದೆ. ಅಂಥ ಹಿರಿಯರ ದಿನಚರಿಗಳನ್ನು ಓದುವಾಗಲೆಲ್ಲ, ಅದೇ ಕಾಲದ ಮನೆಗಳಲ್ಲಿ ಒಲೆಯ ಮುಂದೆ ಇದ್ದವರ ದಿನಚರಿಯನ್ನೂ ಯಾರಾದರೂ ಬರೆದಿಡಬಾರದಾಗಿತ್ತೆ ಎಂದೂ ಅನ್ನಿಸುತ್ತದೆ. ಬೈಬಲ್ ತರಗತಿಯಲ್ಲಿ ಮಾರ್ಥಳ ಮತ್ತು ಮರಿಯಳ ಕಥೆ ಬಂದಾಗ ನಾವು ಹುಡುಗಿಯರು ಮಾರ್ಥಳ ಪಕ್ಷವನ್ನೇ ಹಿಡಿಯುತ್ತಿದ್ದುದು ನೆನಪಿದೆಯೆ? ಅವಳೂ ಕುಳಿತುಬಿಟ್ಟಿದ್ದರೆ ಬಂದವರಿಗೆ ಬಡಿಸುವವರು ಯಾರು ಎಂದು ಕೇಳಿದರೆ ಉಪಾಧ್ಯಾಯಿನಿಯವರು ನಕ್ಕು ಸುಮ್ಮನಾಗುತ್ತಿದ್ದರು. ಮರಿಯಳು ಕೂಡ ಎದ್ದು ಬಂದು, ಇಬ್ಬರೂ ಬೇಗ ಕೆಲಸ ಮುಗಿಸಿ, ಇಬ್ಬರೂ ಕುಳಿತು ಕೇಳಬಹುದಾಗಿತ್ತೆಂಬುದು ನಮಗಾಗ ಹೊಳೆದಿರಲಿಲ್ಲ.

ನಮ್ಮ ಊರಿನ ರಸ್ತೆಗಳ ವಿಷಯವನ್ನೂ ಇಲ್ಲಿ ಹೇಳದೆ ವಿಧಿಯಿಲ್ಲ. ಹೊತ್ತಿಲ್ಲದ್ದಕ್ಕೆ ನಾವೆಲ್ಲರೂ ಕೊಡುವ ಮೊದಲ ಕಾರಣ ಅದೇ. ೧೯೪೮ರ ಆಗಸ್ಟಿನಲ್ಲಿ ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರ್ಯರು ಜಯನಗರಕ್ಕೆ ಅಡಿಗಲ್ಲನ್ನಿಟ್ಟಾಗ, ಅಗಲವಾದ ಬೀದಿಗಳೂ ಬ್ಲಾಕಿಗೊಂದು ಉದ್ಯಾನವೂ ಇರುವ ಆ ಬಡಾವಣೆ ಇನ್ನೂ ಮೈದಾಳಬೇಕಾಗಿತ್ತು. ೨೦೧೯ರಲ್ಲಿ, ವಾಹನಗಳ ಓಡಾಟವನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯವರು ಲೆಕ್ಕಕ್ಕೆ ತೆಗೆದುಕೊಂಡ ೪೧೬ ನಗರಗಳಲ್ಲಿ ದಟ್ಟಣೆಗೆ ಬೆಂಗಳೂರೇ ಮೊದಲನೆಯದಾಯಿತು. ರಸ್ತೆ ತೆರವಾಗಿದ್ದಾಗ ಒಂದು ಗಂಟೆ ಹಿಡಿಯುವ ಪ್ರಯಾಣಕ್ಕೆ ಇಲ್ಲಿ ಸರಾಸರಿ ಒಂದು ಗಂಟೆ ನಲವತ್ತಮೂರು ನಿಮಿಷ ಬೇಕಾಗುತ್ತಿತ್ತು. ಬಿ.ಟಿ.ಎಂ. ಬಡಾವಣೆಯ ಪಕ್ಕದ ಸಿಲ್ಕ್ ಬೋರ್ಡ್ ವೃತ್ತದ ಹೆಸರನ್ನೆತ್ತಿದರೆ ಸಾಕು, ತಡವಾದದ್ದಕ್ಕೆ ಬೇರೆ ಕ್ಷಮಾಪಣೆ ಬೇಕಾಗಿರಲಿಲ್ಲ. ನನ್ನ ಮಗನು ಅದೇ ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವವನು. ೨೦೨೫ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ವರೆಗೆ ಮೆಟ್ರೋದ ಹಳದಿ ಮಾರ್ಗ ತೆರೆದ ಮೇಲೆ ಅವನಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು. ಆ ಗಂಟೆಯಲ್ಲಿ ಕೊಳಲನ್ನು ಮತ್ತೆ ಕೈಗೆ ತೆಗೆದುಕೊಳ್ಳುತ್ತೇನೆಂದು ಮನೆಯವರೆಲ್ಲರ ಎದುರಿಗೆ ಹೇಳಿದನು. ಮೂರು ತಿಂಗಳ ತರುವಾಯ ನನ್ನ ನೋಟುಪುಸ್ತಕವನ್ನು ಅವನ ಕೈಗೆ ಕೊಟ್ಟೆ. ಉಳಿದ ಗಂಟೆಯಲ್ಲಿ ಅರ್ಧವನ್ನು ಕಚೇರಿಯವರು ತಮಗೆ ತಿಳಿಯದಂತೆಯೇ ತೆಗೆದುಕೊಂಡಿದ್ದರು. ಇನ್ನರ್ಧವನ್ನು ಫೋನು ತೆಗೆದುಕೊಂಡಿತ್ತು. ನನ್ನ ನಿವೃತ್ತಿಯ ಹತ್ತು ಗಂಟೆಗಳಿಗೆ ಆದದ್ದೇ ಅವನ ಒಂದು ಗಂಟೆಗೂ ಆಯಿತು. ಖಾಲಿ ನಿವೇಶನಕ್ಕೆ ಬೇಲಿ ಹಾಕದಿದ್ದರೆ ನಮ್ಮ ಊರಿನಲ್ಲಿ ಏನಾಗುವುದೆಂದು ಎಲ್ಲರೂ ಬಲ್ಲರು. ಉಳಿದ ಹೊತ್ತಿನ ಗತಿಯೂ ಅಷ್ಟೆ.

ಆದುದರಿಂದ ಮೊದಲು ಮಾಡತಕ್ಕದ್ದು ಹೊತ್ತನ್ನು ಉಳಿಸುವುದಲ್ಲ. ಉಳಿಯುವ ಮೊದಲೇ ಅದಕ್ಕೆ ಬೇಲಿ ಹಾಕುವುದು. “ಇನ್ನುಮೇಲೆ ತಂದೆಯವರ ಹತ್ತಿರ ಹೆಚ್ಚು ಹೊತ್ತು ಇರುತ್ತೇನೆ” ಎಂಬ ಸಂಕಲ್ಪದಿಂದ ಏನೂ ಆಗುವುದಿಲ್ಲ. ಹಾಗೆ ನಾನು ಎಷ್ಟೋ ಸಲ ಸಂಕಲ್ಪಿಸಿದ್ದೆ. “ಬುಧವಾರ ಸಂಜೆ ನಾಲ್ಕರಿಂದ ಆರರ ವರೆಗೆ, ಅಣ್ಣನ ಮನೆಯಲ್ಲಿ, ಬರೆಯುವುದು” ಎಂದು ಶಾಲೆಯ ವೇಳಾಪಟ್ಟಿಯಂತೆ ದಿನ, ಗಂಟೆ, ಸ್ಥಳ, ಕೆಲಸ ನಾಲ್ಕನ್ನೂ ಕಾಗದದ ಮೇಲೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಹೀಗೆ ಅಂಟಿಸುವಾಗ ಒಂದು ವಿಷಯ ಅರಿವಾಯಿತು. ಬುಧವಾರ ನಾಲ್ಕು ಗಂಟೆಯೆಂಬುದು ಖಾಲಿಯಾಗಿ ಬಿದ್ದಿರಲಿಲ್ಲ. ಅಲ್ಲಿ ಬೇರೆ ಕೆಲಸವಿತ್ತು. ಹೊಸದೊಂದನ್ನು ಒಳಗೆ ತರಬೇಕಾದರೆ ಹಳೆಯದೊಂದನ್ನು ಹೊರಗೆ ಕಳುಹಿಸಲೇಬೇಕು. ಈ ಮಾತನ್ನು ಪುಸ್ತಕಗಳು ಮೆಲ್ಲನೆ ಹೇಳಿ ಮುಂದಕ್ಕೆ ಹೋಗುತ್ತವೆ. ಟೆಲಿವಿಷನ್ನಿನ ಧಾರಾವಾಹಿಯನ್ನು ಬಿಡುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿತನವನ್ನು ಬಿಡುವುದು. ಅದು ಒಳ್ಳೆಯ ಕೆಲಸ. ಜನರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಹಾಗೆ ಬರುವುದು ನನಗೆ ಇಷ್ಟವಾಗಿತ್ತೆಂದು ಒಪ್ಪಿಕೊಳ್ಳಲು ನಾಚಿಕೆಯೇನೂ ಇಲ್ಲ. ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಹಿಡಿಯಿರೆಂದು ಎಲ್ಲರೂ ಹೇಳುವರು. ಒಳ್ಳೆಯದೊಂದನ್ನು ಬಿಡಬೇಕಾಗಿ ಬಂದಾಗಲೇ ನಿಜವಾದ ಪರೀಕ್ಷೆ.

ಮನೆಯವರನ್ನು ಒಪ್ಪಿಸುವುದು ಇನ್ನೊಂದು ಅಧ್ಯಾಯ. “ಬುಧವಾರವೇ ಆಗಬೇಕೆ? ನಿನಗೆ ಬಿಡುವಿದ್ದ ದಿನ ಹೋಗಿ ಬಾ, ಯಾರು ಬೇಡವೆಂದರು?” ಎಂದು ನಮ್ಮ ಯಜಮಾನರು ಕೇಳಿದರು. ಅವರ ಮಾತಿನಲ್ಲಿ ದುರುದ್ದೇಶವೇನೂ ಇರಲಿಲ್ಲ. ನಾನು ಲೆಕ್ಕದ ಪುಸ್ತಕವನ್ನು ಅವರ ಮುಂದಿಟ್ಟೆ. ಬಾಯಿಯಿಂದ ಒಂದು ಮಾತೂ ಆಡಲಿಲ್ಲ. ಅವರು ಎಂಜಿನಿಯರರು, ಅಂಕಿಗಳಿಗೆ ಬೆಲೆ ಕೊಡುವವರು. ಬಹಳ ಹೊತ್ತು ಪುಟ ತಿರುವಿದ ಮೇಲೆ, ಸಂಜೆಯ ಕಾಫಿಯನ್ನೂ ರಾತ್ರಿಯ ಅನ್ನವನ್ನೂ ಬುಧವಾರ ತಾವು ನೋಡಿಕೊಳ್ಳುವುದಾಗಿ ಹೇಳಿದರು. ಮೊದಲ ಎರಡು ವಾರ ಕುಕ್ಕರಿಗೆ ನೀರೆಷ್ಟೆಂದು ಕೇಳಲು ಫೋನು ಬರುತ್ತಿತ್ತು. ಮೂರನೆಯ ವಾರದಿಂದ ನಿಂತಿತು. ವಾದದಿಂದ ಆಗದಿದ್ದದ್ದು ಲೆಕ್ಕದಿಂದ ಆಗುವುದೆಂಬುದನ್ನು ವಿವಾಹಿತ ಸೋದರಿಯರು ಗಮನಿಸಬೇಕಾಗಿ ಪ್ರಾರ್ಥನೆ.

ಇದೆಲ್ಲವೂ ನಿವೃತ್ತಿವೇತನ ಬರುವವರ ಮಾತು, ಕೂಲಿಮಾಡಿ ಬದುಕುವವರಿಗೆ ಹೊತ್ತನ್ನು ಹಂಚುವ ಭಾಗ್ಯವೆಲ್ಲಿ ಎಂದು ಯಾರಾದರೂ ಆಕ್ಷೇಪಿಸಬಹುದು. ಆ ಆಕ್ಷೇಪ ನ್ಯಾಯವಾದದ್ದು. ಎಳೆಯ ಕೂಸನ್ನು ಮಡಿಲಲ್ಲಿಟ್ಟುಕೊಂಡಿರುವ ತಾಯಿಗೆ ವೇಳಾಪಟ್ಟಿ ಬರೆಯಿರೆಂದು ಹೇಳುವಷ್ಟು ಅವಿವೇಕ ನನಗಿಲ್ಲ. ಆದರೂ ಈ ವಿಷಯದಲ್ಲಿ ನನಗಿಂತ ತಿಳಿದವಳೆಂದು ನಾನು ಎಣಿಸುವುದು ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯನ್ನು. ಆಕೆ ಬೆಳಗ್ಗೆ ನಾಲ್ಕು ಮನೆ, ಸಂಜೆ ಎರಡು ಮನೆಗಳ ಪಾತ್ರೆ ಬಟ್ಟೆ ಮಾಡುತ್ತಿದ್ದಳು. ಮಗಳು ಹತ್ತನೆಯ ತರ ಗತಿಗೆ ಬಂದ ವರ್ಷ ಸಂಜೆಯ ಒಂದು ಮನೆಯನ್ನು ಬಿಟ್ಟಳು. ಹೆಚ್ಚು ಸಂಬಳ ಕೊಡುವ ಮನೆಯೇ ಅದು. ಕಾರಣ ಕೇಳಿದ್ದಕ್ಕೆ, “ಏಳರಿಂದ ಎಂಟು ಅವಳು ಓದೋ ಹೊತ್ತು ಅಮ್ಮಾ. ನನಗೆ ಓದು ಬರಲ್ಲ. ಪಕ್ಕದಲ್ಲಿ ಕೂತಿದ್ದರೆ ಅವಳು ಏಳಲ್ಲ, ಅಷ್ಟೇ” ಎಂದಳು. ಆಕೆಗೆ ನೋಟುಪುಸ್ತಕ ಬೇಕಾಗಿರಲಿಲ್ಲ. ತನ್ನ ಒಂದೊಂದು ಅರ್ಧ ಗಂಟೆಯ ಬೆಲೆ ಎಷ್ಟು ರೂಪಾಯಿಯೆಂದು ತಿಳಿದಿದ್ದವಳಾದುದರಿಂದ, ಯಾವುದನ್ನು ಮಾರಬಾರದೆಂಬುದೂ ಆಕೆಗೆ ತಿಳಿದಿತ್ತು. ಹುಡುಗಿ ಪಾಸಾದಳು, ಆಗದಿದ್ದರೂ ನಾನು ಈ ಸಂಗತಿಯನ್ನು ಬರೆಯುತ್ತಿದ್ದೆ.

ಮಾತಾಪಿತೃಗಳಿಗೆ ಒಂದು ಮಾತು. ಈಗಿನ ಹೆಣ್ಣುಮಕ್ಕಳ ದಿನವನ್ನು ನಾವು ಶಾಲೆ, ಟ್ಯೂಷನ್, ನೃತ್ಯ, ಈಜು ಎಂದು ಒಂದರ ಬೆನ್ನಿಗೊಂದು ಗಂಟೆ ಬಾರಿಸಿ ತುಂಬಿಬಿಡುತ್ತೇವೆ. ಅವರಿಗೆ ಹದಿನೆಂಟು ವರ್ಷವಾದಾಗ ಗಂಟೆಗಳೆಲ್ಲ ಒಮ್ಮೆಗೇ ನಿಂತು, ನನಗೆ ೧೯೭೭ರಲ್ಲಿ ಆದಂತೆಯೇ ಅವರಿಗೂ ಆಗುವುದು. ದಿನಕ್ಕೆ ಒಂದು ಗಂಟೆಯನ್ನಾದರೂ ಮಗುವಿನ ಕೈಗೇ ಕೊಡಿರಿ. ಅದನ್ನು ಅವಳು ಹಾಳುಮಾಡಿದರೆ ಹಾಳುಮಾಡಲಿ. ಹಾಳುಮಾಡಿ ನೋಡದೆ ಹೊತ್ತಿನ ಬೆಲೆ ಯಾರಿಗೆ ತಿಳಿದಿದೆ? ಮತ್ತೊಂದು: ಸರ್ಕಾರದವರು ಲೆಕ್ಕವನ್ನು ಆರನೆಯ ವಯಸ್ಸಿನಿಂದ ಹಿಡಿದರೆಂದು ಮೇಲೆ ಹೇಳಿದೆನಷ್ಟೆ. ನೆಂಟರು ಬಂದಾಗ ಓದುತ್ತಿರುವ ಮಗಳನ್ನು ತಟ್ಟೆ ಲೋಟಕ್ಕೆಂದು ಕರೆದು, ಆಡುತ್ತಿರುವ ಮಗನನ್ನು ಕರೆಯದೆ ಬಿಡುವ ಮನೆಗಳಲ್ಲಿ ಆ ೨೦೧ ನಿಮಿಷಗಳ ಅಂತರಕ್ಕೆ ಮೊದಲ ನಿಮಿಷ ಸೇರುವುದು ಆಗಲೇ.

“ಇನ್ನು ನಮ್ಮ ವಯಸ್ಸಿನಲ್ಲಿ ಇದೆಲ್ಲ ಏಕೆ?” ಎನ್ನುವ ಗೆಳತಿಯರಿಗೆ ನಾನು ಎಂ.ಕೆ. ಇಂದಿರಾ ಅವರನ್ನು ನೆನಪಿಸುತ್ತೇನೆ. ೧೯೧೭ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿ, ಕೆಲವೇ ವರ್ಷ ಶಾಲೆಗೆ ಹೋಗಿ, ಚಿಕ್ಕಂದಿನಲ್ಲಿಯೇ ಸಂಸಾರಕ್ಕೆ ಬಿದ್ದ ಆಕೆಯ ಮೊದಲ ಕಾದಂಬರಿ ‘ತುಂಗಭದ್ರಾ’ ಹೊರಬಂದದ್ದು ೧೯೬೩ರಲ್ಲಿ; ಆಗ ಆಕೆಗೆ ನಲವತ್ತಾರು ವರ್ಷ. ‘ಫಣಿಯಮ್ಮ’ ಬಂದದ್ದು ಇನ್ನೂ ಹದಿಮೂರು ವರ್ಷಗಳ ತರುವಾಯ. ಆದರೆ ಇದನ್ನೇ ನೆವಮಾಡಿಕೊಂಡು ಎಲ್ಲವನ್ನೂ ಮುಂದಕ್ಕೆ ಹಾಕುವವರಿಗೆ ಅದೇ ೧೯೬೩ರ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆ ವರ್ಷದ ಜುಲೈಯಲ್ಲಿ ತ್ರಿವೇಣಿಯವರು ತೀರಿಕೊಂಡರು. ಮೂವತ್ತೈದು ಇನ್ನೂ ತುಂಬಿರಲಿಲ್ಲ. ಅಷ್ಟರಲ್ಲಿ ಆಕೆ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದು ಮುಗಿಸಿದ್ದರು.

ನಮ್ಮ ಬುಧವಾರಗಳು ಅರವತ್ತೊಂದು ವಾರ ನಡೆದವು. ಅರವತ್ತೊಂದರಲ್ಲಿ ನಾನು ಹೋದದ್ದು ನಲವತ್ತನಾಲ್ಕು ಸಲ. ಉಳಿದವು ಮದುವೆ, ಜ್ವರ, ಮಳೆ, ಮೊಮ್ಮಗುವಿನ ನಾಮಕರಣ ಇವುಗಳ ಪಾಲಾದವು. ತಪ್ಪಿದ ವಾರಕ್ಕೆ ದಂಡವಿಲ್ಲ, ಮರುವಾರ ಅದೇ ಹೊತ್ತಿಗೆ ಹೋಗಿ ಕೂಡುವುದಷ್ಟೇ ಎಂದು ನಾವಿಬ್ಬರೂ ಗೊತ್ತುಮಾಡಿಕೊಂಡಿದ್ದೆವು. ಮೂರನೆಯ ವಾರದಿಂದ ತಂದೆಯವರು ಮೂರೂವರೆಗೇ ಮುಖ ತೊಳೆದು, ಶರಟು ಹಾಕಿಕೊಂಡು, ಪೆಟ್ಟಿಗೆಯನ್ನು ಮಂಚದ ಮೇಲೆ ತರಿಸಿಟ್ಟುಕೊಂಡು ಕಾಯುತ್ತಿದ್ದರೆಂದು ಅಡುಗೆಯವರು ನನಗೆ ಹೇಳಿದರು. ಹದಿನೆಂಟರ ಹರೆಯದಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಓದಲು ಬೆಂಗಳೂರಿಗೆ ಬಂದದ್ದು, ಜಯನಗರದ ಅಶೋಕ ಸ್ತಂಭದಿಂದ ಆಚೆಗೆ ಕಣ್ಣು ಹಾಯುವಷ್ಟೂ ಹೊಲಗಳಿದ್ದದ್ದು, ಅಂಚೆಯ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ ದಿನ ನಮ್ಮ ಅಜ್ಜನವರು ಬರೆದ ಕಾಗದ, ನಮ್ಮ ತಾಯಿಯವರನ್ನು ಮೊದಲು ಕಂಡದ್ದು, ಇವೆಲ್ಲವೂ ಹೀಗೆ ಬರವಣಿಗೆಗೆ ಬಂದವು. ಕೆಲವು ಸಂಗತಿಗಳನ್ನು ನಾನು ಅರವತ್ತು ವರ್ಷ ಅವರ ಮಗಳಾಗಿದ್ದೂ ಕೇಳಿರಲಿಲ್ಲ. ಎರಡು ನೋಟುಪುಸ್ತಕಗಳಾದವು. ೨೦೨೩ರ ಸೆಪ್ಟೆಂಬರಿನ ಕಡೆಯ ವಾರದಲ್ಲಿ ಅವರು ತೀರಿಕೊಂಡಾಗ ಬರವಣಿಗೆಯು ೧೯೭೧ರ ಬೇಸಗೆಯ ವರೆಗೆ ಬಂದಿತ್ತು. ಆಗ ನನಗೆ ಹತ್ತು ವರ್ಷ. ನಮ್ಮ ಶಾಲೆಗೆ ನನ್ನನ್ನು ಸೇರಿಸಲು ಅವರು ಒಂದು ದಿನ ರಜ ಹಾಕಿ ಕರೆದುಕೊಂಡುಬಂದ ಸಂಗತಿ ಅದರ ಕಡೆಯ ಪುಟದಲ್ಲಿದೆ. ಅಲ್ಲಿಂದ ಮುಂದಿನದನ್ನು ಬುಧವಾರಗಳಲ್ಲಿ ಈಗ ನಾನೇ ಬರೆಯುತ್ತಿದ್ದೇನೆ.